ಹಿಮದಲ್ಲಿ ಮೃಗಯೆ

ಸಂಸ್ಕೃತದಲ್ಲಿ ‘ಮೃಗ’ವೆಂಬ ಶಬ್ದಕ್ಕೆ ಎರಡರ್ಥಗಳಿರುವುದನ್ನು ಅಮರಕೋಶವನ್ನು ಕಂಠಪಾಠ ಮಾಡಿದ ಬಾಲಕರೂ ಬಲ್ಲರು. ಕಾಡಿನ ಚತುಷ್ಪಾದಿಗಳೆಲ್ಲವೂ ಮೃಗಗಳೇ. ಜಿಂಕೆಯೊಂದನ್ನೇ ವಿಶೇಷವಾಗಿ ಮೃಗವೆಂದು ಕರೆಯುವುದೂ ಉಂಟು. ಅದನ್ನು ಅರಸಿ ಹೋಗುವುದು ಮೃಗಯೆ. ಇಂಗ್ಲಿಷರು ಈಗ ಜಿಂಕೆಗೆ ಹೇಳುವ ಹೆಸರೂ ಪೂರ್ವಕಾಲದಲ್ಲಿ ಪ್ರಾಣಿಮಾತ್ರಕ್ಕೆ ಸಲ್ಲುತ್ತಿದ್ದಿತು. ಜಪಾನಿನ ಉತ್ತರದ ಮಹಾದ್ವೀಪವಾದ ಹೊಕ್ಕಾಯಿಡೊವಿನಲ್ಲಿ ಐನು ಎಂಬ ಮೂಲನಿವಾಸಿಗಳಿರುವರಷ್ಟೆ. ಅವರ ನುಡಿಯಲ್ಲಿ ಜಿಂಕೆಗೆ ‘ಯುಕ್’ ಎಂದು ಹೆಸರು. ಆ ಶಬ್ದದ ಮೂಲಾರ್ಥವೂ ‘ಬೇಟೆಯ ಪ್ರಾಣಿ’ ಎಂಬುದೇ. ದೂರದೂರದ ಮೂರು ನಾಡುಗಳಲ್ಲಿ, ಬೇಟೆಯೆಂದರೆ ಜಿಂಕೆ, ಜಿಂಕೆಯೆಂದರೆ ಬೇಟೆ ಎಂದು ಜನರು ಭಾವಿಸಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಈ ಮೂವರೊಳಗೆ ಕೊನೆಯವರ ಕಥೆಯನ್ನು, ಅದರಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಒಂದು ಚಳಿಗಾಲದ ಸುತ್ತಮುತ್ತ ನಡೆದುದನ್ನು, ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯತೊಡಗಿದ್ದೇನೆ.

ನಮ್ಮ ಕಾವ್ಯಗಳಲ್ಲಿ ಮೃಗಯೆಯು ಅರಸರ ವಿನೋದ. ದುಷ್ಯಂತನು ಜಿಂಕೆಯೊಂದನ್ನು ಬೆನ್ನಟ್ಟಿಕೊಂಡು ಕಣ್ವಾಶ್ರಮದ ಬಳಿಗೆ ಬಂದನು. ಪಾಂಡುವು ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಯನ್ನು ಹೊಡೆದು ಶಾಪಗ್ರಸ್ತನಾದನು. ಮನುವಾದರೋ ಅರಸನು ಬಿಡತಕ್ಕ ಹತ್ತು ಕಾಮಜ ವ್ಯಸನಗಳಲ್ಲಿ ಮೊದಲು ಎಣಿಸಿರುವುದು ಮೃಗಯೆಯನ್ನೇ. ಐನು ಜನರಿಗೆ ಅದು ವ್ಯಸನವೂ ಆಗಿರಲಿಲ್ಲ, ವಿನೋದವೂ ಆಗಿರಲಿಲ್ಲ, ಅನ್ನವಾಗಿದ್ದಿತು. ನಮ್ಮಲ್ಲಿ ರಾಗಿ, ಜೋಳಗಳು ಹೇಗೋ ಅವರಲ್ಲಿ ಹೊಳೆಯ ಸಾಲ್ಮನ್ ಮೀನೂ ಕಾಡಿನ ಜಿಂಕೆಯೂ ಹಾಗೆ. ಮೀನಿನ ಸುಗ್ಗಿ ಶರತ್ಕಾಲದಲ್ಲಿ. ಜಿಂಕೆಯ ಸುಗ್ಗಿ ಶರತ್ತಿನ ಕೊನೆಯಿಂದ ಚಳಿಗಾಲ ಮುಗಿಯುವವರೆಗೆ. ಮಾಂಸವನ್ನು ಒಣಗಿಸಿ ಇಡುತ್ತಿದ್ದರು, ಚರ್ಮವನ್ನು ಉಡುತ್ತಿದ್ದರು, ಮೆಟ್ಟುತ್ತಿದ್ದರು, ಕೊಂಬು ಮೂಳೆಗಳಿಂದ ಸಾಮಾನುಗಳನ್ನು ಮಾಡಿಕೊಳ್ಳುತ್ತಿದ್ದರು.

ಹಿಮವೆಂಬುದನ್ನು ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಕಂಡುದಲ್ಲದೆ ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಆನೆಯನ್ನು ಕೊಂದ ಸಿಂಹದ ಹೆಜ್ಜೆಯ ನೆತ್ತರನ್ನು ಹಿಮದ ನೀರು ತೊಳೆದುಬಿಟ್ಟರೂ, ಅದರ ಉಗುರುಗಳಿಂದ ಉದುರಿದ ಮುತ್ತುಗಳ ಗುರುತಿನಿಂದ ಕಿರಾತರು ಜಾಡನ್ನು ಹಿಡಿಯುವರೆಂದು ಕಾಳಿದಾಸನು ಅಲ್ಲಿ ವರ್ಣಿಸಿರುವನು. ಪಾಠ ಹೇಳುವಾಗ ಎಷ್ಟೋ ವರ್ಷಗಳ ಕಾಲ ನಾನೂ ಅದನ್ನು ಹಾಗೆಯೇ ಒಪ್ಪಿಸಿದೆನು. ಹಿಮದೇಶಗಳ ಬೇಟೆಗಾರರ ವೃತ್ತಾಂತಗಳನ್ನು ಓದಿದ ಮೇಲೆ, ಮಹಾಕವಿಯ ಮಾತು ಕರಗುತ್ತಿರುವ ಹಿಮಕ್ಕೆ ಮಾತ್ರ ಸಲ್ಲತಕ್ಕದ್ದೆಂದು ತಿಳಿದುಬಂದಿತು. ಹೊಸದಾಗಿ ಬಿದ್ದ ಹಿಮವು ಹೆಜ್ಜೆಯನ್ನು ತೊಳೆಯುವುದಿಲ್ಲ, ಬರೆದಿಡುತ್ತದೆ. ಯಾವ ಪ್ರಾಣಿ, ಎತ್ತ ಹೋಯಿತು, ನಡೆಯಿತೋ ಓಡಿತೋ, ಕುಂಟಿತೋ, ಎಲ್ಲಿ ಮಲಗಿತು, ಎಂಬುದೆಲ್ಲವೂ ಅಲ್ಲಿ ಲಿಖಿತವಾಗಿರುತ್ತದೆ. ಮುತ್ತುಗಳ ಅವಶ್ಯಕತೆಯೇ ಇಲ್ಲ.

ಹೊಕ್ಕಾಯಿಡೊವಿನ ಜಿಂಕೆಯು ನಮ್ಮ ಸಾರಗದ ಬಂಧು. ಬೇಸಿಗೆಯಲ್ಲಿ ಅದಕ್ಕೂ ಮೈಮೇಲೆ ಬಿಳಿಯ ಚುಕ್ಕೆಗಳಿರುವುವು. ಚಳಿಗಾಲದಲ್ಲಿ ಚುಕ್ಕೆಗಳು ಮಾಸಿ ದಟ್ಟವಾದ ಕಂದು ತುಪ್ಪಳು ಬರುವುದು. ಗಾತ್ರದಲ್ಲಿ ಸಾರಗಕ್ಕಿಂತ ದೊಡ್ಡದು. ಬೆಳೆದ ಗಂಡು ನೂರು ಕಿಲೋಗ್ರಾಂ ತೂಕವನ್ನು ಮೀರುವುದುಂಟು. ಇಷ್ಟು ಭಾರವನ್ನು ಹೊತ್ತ ಕಾಲುಗಳು ತೆಳು, ಗೊರಸು ಕಿರಿದು. ಹಿಮವು ಮೊಣಕಾಲಿನ ಮಟ್ಟದಲ್ಲಿದ್ದರೆ ಕಾಲಿನಿಂದ ಕೆರೆದು ಕೆಳಗಿನ ಕುಳ್ಳಬಿದಿರಿನ ಎಲೆಯನ್ನು ತಿನ್ನುವುದು. ಹಿಮ ಎದೆಮಟ್ಟಕ್ಕೆ ಬಂದರೆ ತಿನ್ನುವುದಕ್ಕೂ ಸಿಕ್ಕದು, ನಡೆಯುವುದಕ್ಕೂ ಆಗದು. ಮರದ ತೊಗಟೆಯೇ ಆಗ ಗತಿ. ಇದಕ್ಕಿಂತಲೂ ಕಷ್ಟವಾದುದು ಇನ್ನೊಂದಿದೆ. ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರವು ಕರಗಿ ಇರುಳಿನ ಚಳಿಗೆ ಮರಳಿ ಹೆಪ್ಪುಗಟ್ಟಿದರೆ ಹಪ್ಪಳದಂಥ ಒಂದು ಗಟ್ಟಿಯಾದ ಹೊದಿಕೆ ಏರ್ಪಡುತ್ತದೆ. ಜಿಂಕೆಯ ಗೊರಸು ಅದನ್ನು ಒಡೆದುಕೊಂಡು ಕೆಳಕ್ಕಿಳಿಯುವುದು. ಒಡೆದ ಅಂಚು ಕಾಲನ್ನು ಕೊಯ್ಯುವುದು. ನಾಯಿಯೂ ಹಿಮಪಾದುಕೆಯನ್ನು ಮೆಟ್ಟಿದ ಮನುಷ್ಯನೂ ಆ ಹೊದಿಕೆಯ ಮೇಲೆಯೇ ಓಡುವರು. ಬಯಲಿನಲ್ಲಿ ಗಾಳಿಯನ್ನು ಮೀರಿಸುವ ಪ್ರಾಣಿಯು ಅಲ್ಲಿ ಕಟ್ಟಿಹಾಕಿದ ಕುರಿಯಂತಾಗುತ್ತದೆ.

ಆದಕಾರಣ ಜಿಂಕೆಗಳು ಹಿಮಕ್ಕೆ ಮುಂಚೆಯೇ ಊರು ಬಿಡುವುವು. ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಬೀಸುವ ವಾಯವ್ಯದ ಗಾಳಿಯು ಜಪಾನು ಸಮುದ್ರದ ಮೇಲೆ ತೇವವನ್ನು ಹೀರಿಕೊಂಡು ದ್ವೀಪದ ಪಶ್ಚಿಮಭಾಗದಲ್ಲಿ ಹಿಮವನ್ನು ಸುರಿಸಿಬಿಡುವುದು. ಪರ್ವತಗಳನ್ನು ದಾಟಿ ಪೂರ್ವಕ್ಕೆ ಬರುವ ಹೊತ್ತಿಗೆ ಅದು ಬಹುಮಟ್ಟಿಗೆ ಒಣಗಿರುವುದು. ನಮ್ಮ ಪಶ್ಚಿಮಘಟ್ಟಗಳಿಗೂ ಬಯಲುಸೀಮೆಗೂ ಮಳೆಯಲ್ಲಿರುವ ವ್ಯತ್ಯಾಸವನ್ನು ನೆನೆದರೆ ಇದು ಸುಲಭವಾಗಿ ಬೋಧೆಯಾಗುತ್ತದೆ. ಇಶಿಕಾರಿ ಬಯಲಿನ ಕಡೆಯ ಜಿಂಕೆಗಳು ಶರತ್ಕಾಲದಲ್ಲಿ ಹಿಂಡುಹಿಂಡಾಗಿ ಯುಫುತ್ಸುವಿನ ತಗ್ಗುನೆಲವನ್ನು ಹಾಯ್ದು, ಹಿಮ ಕಡಮೆಯಾದ ಹಿಡಕ ಪ್ರಾಂತದ ಕಣಿವೆಗಳಿಗೆ ಬಂದು ಸೇರುತ್ತಿದ್ದುವು. ಪೂರ್ವದಲ್ಲಿ ತೊಕಾಚಿಯ ಬಯಲೂ ಅವುಗಳ ಆಶ್ರಯವೇ. ಬೇಸಿಗೆಯಲ್ಲಿ ಇಡೀ ದ್ವೀಪದಲ್ಲಿ ಚದರಿದ್ದ ಜಿಂಕೆಗಳು ಚಳಿಗಾಲದಲ್ಲಿ ಕೆಲವೇ ಕಣಿವೆಗಳಲ್ಲಿ ಒತ್ತಾಗಿ ನಿಲ್ಲುವುವೆಂಬ ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದ ಅನರ್ಥವೆಲ್ಲವೂ ಇದರ ಮೇಲೆಯೇ ನಿಂತಿದೆ.

ಐನು ಬೇಟೆಗಾರನ ಮುಖ್ಯ ಆಯುಧವು ಬಿಲ್ಲು. ಅದರ ಬಲ ಹೆಚ್ಚಲ್ಲ. ಹತ್ತಿರಕ್ಕೆ ಹೋಗಿ ಹೊಡೆಯಬೇಕು. ಅದರ ಶಕ್ತಿಯಿದ್ದುದು ಬಾಣದ ಮೊನೆಯಲ್ಲಿ. ಬಿದಿರಿನ ಮೊನೆಯಲ್ಲಿ ಕೊರೆದ ಗುಳಿಯೊಳಗೆ ವತ್ಸನಾಭಿಯ ಜಾತಿಗೆ ಸೇರಿದ ಗಿಡದ ಬೇರನ್ನು ಅರೆದು ಮಾಡಿದ ವಿಷವನ್ನು ತುಂಬುತ್ತಿದ್ದರು. ಈ ಗಿಡದ ಕುಲ ನಮ್ಮ ಹಿಮಾಲಯದಲ್ಲಿಯೂ ಇದೆ; ವೈದ್ಯರು ಅದನ್ನು ಶೋಧಿಸಿ ಔಷಧಿಗೆ ಬಳಸುವರು. ವಿಷವನ್ನು ಲೇಪಿಸಿದ ಬಾಣಕ್ಕೆ ಅಮರಸಿಂಹನು ‘ದಿಗ್ಧ’, ‘ಲಿಪ್ತಕ’ ಎಂಬ ಹೆಸರುಗಳನ್ನು ಹೇಳಿರುವನು. ಯುದ್ಧದಲ್ಲಿ ಅದನ್ನು ಪ್ರಯೋಗಿಸಲಾಗದೆಂದು ಮನುವಿನ ನಿಷೇಧವೂ ಇದೆ. ಹೀಗಿರುವುದರಿಂದ ಐನು ಜನರ ವಿದ್ಯೆಯನ್ನು ನಾವು ವಿಚಿತ್ರವೆಂದು ಬಗೆಯಬೇಕಾದುದಿಲ್ಲ. ಬಾಣ ತಗುಲಿದ ಪ್ರಾಣಿಯು ಸ್ವಲ್ಪ ದೂರ ಓಡಿ ಬೀಳುವುದು. ಹಿಮದಲ್ಲಿ ಅದರ ಜಾಡು ಮರೆಯಾಗುವಂತಿಲ್ಲ. ಗಾಯದ ಸುತ್ತಣ ಮಾಂಸವನ್ನು ಕೊಯ್ದು ಎಸೆದು ಉಳಿದುದನ್ನು ಉಣ್ಣುತ್ತಿದ್ದರು. ಜಿಂಕೆಯ ದಾರಿಯಲ್ಲಿ ಬಿಲ್ಲನ್ನು ಹೂಡಿಟ್ಟು ದಾರವನ್ನು ಅಡ್ಡಲಾಗಿ ಕಟ್ಟಿ ಹೋಗುವ ‘ಅಮಪ್ಪೊ’ ಎಂಬ ಯಂತ್ರವೂ ಉಂಟು. ಶರತ್ಕಾಲದಲ್ಲಾದರೆ ಕೈಹಿಡಿಯಷ್ಟು ಸಣ್ಣದೊಂದು ಪೀಪಿಯನ್ನು ಊದಿ, ಜಿಂಕೆಯ ಕೂಗನ್ನು ಅನುಕರಿಸಿ, ಹತ್ತಿರಕ್ಕೆ ಕರೆಯುತ್ತಿದ್ದರು.

ಇವರೆಲ್ಲರೂ ಋಷಿಸದೃಶರಾದ ಅಹಿಂಸಕರೆಂದು ಹೇಳುವುದು ನನ್ನ ಉದ್ದೇಶವಲ್ಲ. ದಕ್ಷಿಣದ ಮತ್ಸುಮಾಯೆ ಸಂಸ್ಥಾನದ ಜಪಾನೀ ವರ್ತಕರಿಗೆ ಜಿಂಕೆಯ ಚರ್ಮವನ್ನು ಕೊಟ್ಟು ಅಕ್ಕಿ, ಹೊಗೆಸೊಪ್ಪು, ಕಬ್ಬಿಣದ ಸಾಮಾನುಗಳನ್ನು ಕೊಂಡುಕೊಳ್ಳುವುದು ಐನುಗಳಲ್ಲಿ ಬಹುಕಾಲದಿಂದ ರೂಢಿಯಾಗಿದ್ದಿತು. ವ್ಯಾಪಾರಕ್ಕಾಗಿ ಕೊಂದ ಜಿಂಕೆಗಳೂ ಕಡಮೆಯಲ್ಲ. ಆದರೂ ಬಿಲ್ಲಿಗೆ ಒಂದು ಮಿತಿಯಿದ್ದಿತು, ಹೊತ್ತು ತರುವ ಬೆನ್ನಿಗೆ ಒಂದು ಮಿತಿಯಿದ್ದಿತು. ಇವೆರಡರ ಜೊತೆಗೆ ಅವರ ಮತಾಚಾರದ ಮಿತಿಯೂ ಒಂದು. ಜಿಂಕೆಗಳನ್ನು ಭೂಮಿಗೆ ಕಳುಹಿಸುವ ದೇವತೆಯೊಬ್ಬನಿರುವನೆಂದೂ, ಕೊಂದ ಪ್ರಾಣಿಗೆ ಅಮರ್ಯಾದೆ ಮಾಡಿದರೆ ಅವನು ಕಳುಹಿಸುವುದನ್ನು ನಿಲ್ಲಿಸುವನೆಂದೂ ಅವರು ನಂಬಿದ್ದರು. ಚಿರಿ ಯುಕಿಯೆ ಎಂಬ ಐನು ತರುಣಿಯು ತನ್ನ ಜನರ ದೇವಗೀತಗಳನ್ನು ಬರೆದಿಟ್ಟು ಜಪಾನೀ ಭಾಷೆಗೆ ಪರಿವರ್ತಿಸಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ 1922ರಲ್ಲಿ ತೀರಿಹೋದಳು. ಗ್ರಂಥವು ಮರುವರ್ಷ ಅಚ್ಚಾಯಿತು. ಅದರಲ್ಲಿ ಗೂಬೆದೇವರ ಗೀತವೊಂದಿದೆ. ಭೂಮಿಯಲ್ಲಿ ಕ್ಷಾಮ ಬಂದಿತು. ಕಾರಣವನ್ನು ವಿಚಾರಿಸಲಾಗಿ, ಮನುಷ್ಯರು ಜಿಂಕೆಯನ್ನು ಕೊಂದು ತಲೆಯನ್ನು ಕಾಡಿನಲ್ಲಿಯೇ ಬಿಸುಟು ಹೋಗುತ್ತಿದ್ದುದರಿಂದಲೂ ಮೀನನ್ನು ಕೊಳೆತ ಕೊರಡಿನಿಂದ ಬಡಿಯುತ್ತಿದ್ದುದರಿಂದಲೂ ಅವುಗಳ ದೇವತೆಗಳು ಕೋಪಗೊಂಡರೆಂದು ತಿಳಿಯಿತು. ಮನುಷ್ಯರು ಬುದ್ಧಿಕಲಿತ ಮೇಲೆ ಮತ್ತೆ ಜಿಂಕೆ ಮೀನುಗಳು ಬಂದುವು. ಇದು ಪುರಾಣವೆಂಬುದು ದಿಟ. ಆದರೆ ಇಂಥ ಪುರಾಣವನ್ನು ಕಟ್ಟಿದ ಜನರಿಗೆ ಜಿಂಕೆಗಳು ಕಡಮೆಯಾದುದರ ಅನುಭವ ಎಂದೋ ಒಮ್ಮೆ ಆಗಿದ್ದಿರಬೇಕೆಂದೂ, ಅದು ತಮ್ಮ ತಪ್ಪೆಂದು ಒಪ್ಪಿಕೊಳ್ಳುವ ಧೈರ್ಯ ಅವರಿಗಿದ್ದಿತೆಂದೂ ನನಗೆ ತೋರುತ್ತದೆ.

1869ರಲ್ಲಿ ಮೈಜಿ ಸರಕಾರದವರು ಈ ದ್ವೀಪಕ್ಕೆ ಹೊಕ್ಕಾಯಿಡೊ ಎಂದು ಹೊಸ ಹೆಸರನ್ನಿಟ್ಟು, ಅದನ್ನು ಸಾಗುವಳಿಗೆ ತರುವುದಕ್ಕಾಗಿ ಕಾಯಿತಕುಶಿ ಎಂಬ ಇಲಾಖೆಯನ್ನು ಸ್ಥಾಪಿಸಿದರು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವ್ಯವಸಾಯದ ಕಮಿಷನರಾಗಿದ್ದ ಹೊರೇಸ್ ಕೇಪ್ರನ್ ಎಂಬವರು 1871ರಲ್ಲಿ ಇಲಾಖೆಗೆ ಸಲಹೆಗಾರರಾಗಿ ಬಂದರು. ರಸ್ತೆ, ಕುದುರೆಯ ಲಾಯ, ಹೊಸ ಬೆಳೆ, ಹೊಸ ಯಂತ್ರ ಎಲ್ಲವೂ ಬಂದುವು. ಜೊತೆಯಲ್ಲಿ ಬಂದೂಕವೂ ಬಂದಿತು. ಜಿಂಕೆಯ ಚರ್ಮಕ್ಕೂ ಕೊಂಬಿಗೂ ಒಳ್ಳೆಯ ಬೆಲೆಯಿದ್ದುದರಿಂದ ದಕ್ಷಿಣದಿಂದ ಬೇಟೆಗಾರರು ತಂಡತಂಡವಾಗಿ ಹಿಡಕದ ಕಡೆಗೆ ಬಂದರು. ಒಂದೊಂದು ವರ್ಷದಲ್ಲಿ ಹತ್ತಾರು ಸಾವಿರ ಚರ್ಮಗಳು ದ್ವೀಪದಿಂದ ಹೊರಗೆ ಹೋದುವು.

ಸರಕಾರದವರು ಕಣ್ಣುಮುಚ್ಚಿ ಕುಳಿತಿದ್ದರೆಂದರೆ ಅನ್ಯಾಯವಾದೀತು. 1876ರಲ್ಲಿ ಜಿಂಕೆಯ ಬೇಟೆಗೆ ನಿಬಂಧನೆಗಳನ್ನು ಮಾಡಿದರು. ಬೇಟೆಗೆ ಲೈಸೆನ್ಸು ಬೇಕೆಂದೂ ಅದಕ್ಕೆ ಇಷ್ಟು ಶುಲ್ಕವೆಂದೂ ಗೊತ್ತುಮಾಡಿದರು. ಅದೇ ನಿಬಂಧನೆಗಳಲ್ಲಿ ಐನು ಜನರ ವಿಷದ ಬಾಣವನ್ನು ಸಂಪೂರ್ಣವಾಗಿ ನಿಷೇಧಿಸಿದರು. ಅದು ಕ್ರೂರವಾದ ಪ್ರಾಚೀನ ಪದ್ಧತಿಯೆಂದೂ ಬಂದೂಕವೇ ಯೋಗ್ಯವಾದ ಆಯುಧವೆಂದೂ ಅವರ ಅಭಿಪ್ರಾಯ. ನೋಡಿರಿ, ಜಿಂಕೆಯನ್ನು ಉಳಿಸಬೇಕೆಂದು ಹೊರಟ ಕಾನೂನು, ನೂರಾರು ವರ್ಷಗಳಿಂದ ಜಿಂಕೆಯೊಡನೆ ಬಾಳಿಬಂದ ಆಯುಧವನ್ನು ಕಿತ್ತುಕೊಂಡು, ಜಿಂಕೆಯನ್ನು ಮುಗಿಸುತ್ತಿದ್ದ ಆಯುಧಕ್ಕೆ ಮುದ್ರೆಯೊತ್ತಿಕೊಟ್ಟಿತು! ಬಂದೂಕವನ್ನೂ ಮದ್ದುಗುಂಡುಗಳನ್ನೂ ಕೊಳ್ಳುವುದಕ್ಕೆ ಹಣ ಬೇಕು. ಹಣಕ್ಕಾಗಿ ಚರ್ಮ ಮಾರಬೇಕು. ಚರ್ಮಕ್ಕಾಗಿ ಊಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಜಿಂಕೆಗಳನ್ನು ಕೊಲ್ಲಬೇಕು. ಬಿಲ್ಲಿನವನು ಉಣ್ಣುವುದಕ್ಕೆ ಕೊಂದನು. ಬಂದೂಕಿನವನು ಬಂದೂಕದ ಸಾಲವನ್ನು ತೀರಿಸುವುದಕ್ಕೆ ಕೊಲ್ಲಬೇಕಾಯಿತು.

1878ರ ಆಗಸ್ಟಿನಲ್ಲಿ ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯು ಕುದುರೆಯ ಮೇಲೆ ಒಬ್ಬ ದುಭಾಷಿಯೊಡನೆ ಹಿಡಕ ಪ್ರಾಂತದ ಬಿರತೊರಿ ಎಂಬ ಐನು ಗ್ರಾಮಕ್ಕೆ ಬಂದು, ಅವರ ಮನೆಯಲ್ಲಿಯೇ ಕೆಲವು ದಿನಗಳಿದ್ದಳು. ಅವಳ ಪ್ರವಾಸಗ್ರಂಥವು 1880ರಲ್ಲಿ ಪ್ರಕಟವಾಯಿತು. ವಿಷದ ಬಾಣದ ನಿಷೇಧದ ವಿಚಾರವನ್ನು ಅವಳು ಅಲ್ಲಿ ಬರೆದಿರುವಳು. ಬಂದೂಕದ ಸದ್ದಿಗೆ ಹೆದರಿ ಪ್ರಾಣಿಗಳು ಬೆಟ್ಟಗಳ ಒಳಒಳಗೆ ಹೋಗಿಬಿಡುತ್ತಿವೆ, ಬೇಟೆಯು ದುಸ್ತರವಾಗುತ್ತಿದೆ ಎಂದು ಗ್ರಾಮಸ್ಥರು ಅವಳಲ್ಲಿ ಹೇಳಿಕೊಂಡರಂತೆ. ಸರಕಾರದ ಕಣ್ಣು ಎಲ್ಲ ಕಡೆಗೂ ಬೀಳುವುದಿಲ್ಲವೆಂದೂ ಅವರು ಸೇರಿಸಿದರಂತೆ! ಬಡವರು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿ ಮಾತನಾಡುವರೆಂಬುದಕ್ಕೆ ಇದೊಂದು ನಿದರ್ಶನ.

ಆ 1878ನೆಯ ವರ್ಷದಲ್ಲಿಯೇ ಯುಫುತ್ಸುವಿನ ಬಯಲಿನ ಬಿಬಿ ಎಂಬ ಸ್ಥಳದಲ್ಲಿ ಕಾಯಿತಕುಶಿಯವರು ಜಿಂಕೆಯ ಮಾಂಸವನ್ನು ತಗಡಿನ ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಯನ್ನು ತೆರೆದರು. ಹಿಂದಿನ ವರ್ಷ ಇಶಿಕಾರಿಯಲ್ಲಿ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಆರಂಭವಾಗಿದ್ದಿತು. ಮೀನೂ ಜಿಂಕೆಯೂ ಐನುಗಳ ಎರಡು ಅನ್ನಗಳೆಂದು ಹೇಳಿದೆನಷ್ಟೆ. ಒಂದು ವರ್ಷದೊಳಗೆ ಎರಡೂ ಡಬ್ಬಿಗೆ ಬಿದ್ದುವು. ಬಿಬಿಯನ್ನು ಆರಿಸಿದುದು ಆಕಸ್ಮಿಕವಲ್ಲ. ಹಿಂಡುಗಳು ಪಶ್ಚಿಮದಿಂದ ಹಿಡಕಕ್ಕೆ ಹಾಯುವ ದಾರಿಯ ಬಾಯಿಯಲ್ಲಿ ಅದು ಇದ್ದಿತು. ಕಾಲುವೆಯ ಬಾಯಿಗೆ ಬಲೆಯೊಡ್ಡಿದಂತೆ ಎಂದು ವಾಚಕರು ಊಹಿಸಿಕೊಳ್ಳಬಹುದು.

ಮರುವರ್ಷ, 1879ರ ಆರಂಭದಲ್ಲಿ, ಮಹಾಹಿಮ ಬಿದ್ದಿತು. ಹಿಮ ಕಡಮೆಯೆಂದು ಜಿಂಕೆಗಳು ನಂಬಿ ಬಂದಿದ್ದ ಪೂರ್ವಭಾಗದಲ್ಲಿಯೇ ಬಿದ್ದಿತು. ಕುಳ್ಳಬಿದಿರು ಹೂತುಹೋಯಿತು. ಹಿಂಡುಗಳು ಕಣಿವೆಗಳಲ್ಲಿ ಸಿಕ್ಕಿಕೊಂಡುವು. ತೊಗಟೆಯನ್ನು ಕೆರೆದು ತಿಂದು, ಅದೂ ಎಟುಕದಾದಾಗ ನಿಂತಲ್ಲಿಯೇ ಬಿದ್ದುವು. ಓಡಲಾರದೆ ಹಿಮದಲ್ಲಿ ಹುದುಗಿ ನಿಂತ ಜಿಂಕೆಗಳನ್ನು ಜನರು ಗುಂಡನ್ನು ವೆಚ್ಚಮಾಡುವ ಗೋಜಿಗೂ ಹೋಗದೆ ದೊಣ್ಣೆಗಳಿಂದ ಬಡಿದು ಕೊಂದರು. ಚರ್ಮವನ್ನು ಸುಲಿದುಕೊಂಡು ದೇಹವನ್ನು ಬಿಟ್ಟುಹೋದರು. ಜಿಂಕೆಯ ಗರ್ಭಕಾಲವೂ ಚಳಿಗಾಲವೇ. ಶರತ್ತಿನಲ್ಲಿ ಗಂಡುಗಳನ್ನು ಕೂಡಿ ಬೇಸಿಗೆಯ ಆರಂಭದಲ್ಲಿ ಅವು ಮರಿಹಾಕುವುವು. ಆದಕಾರಣ ಹಿಮದಲ್ಲಿ ಸತ್ತ ಹೆಣ್ಣೊಂದೊಂದರ ಹೊಟ್ಟೆಯಲ್ಲಿಯೂ ಮುಂದಿನ ವರ್ಷದ ಹಿಂಡು ಸತ್ತಿತು. ಬಿಬಿಯ ಕಾರ್ಖಾನೆಗೆ ತುಂಬುವುದಕ್ಕೆ ಮಾಂಸವೇ ಇಲ್ಲವಾಗಿ 1884ರಲ್ಲಿ ಅದನ್ನು ಮುಚ್ಚಿಬಿಟ್ಟರು.

ಹೊಕ್ಕಾಯಿಡೊವಿನ ಜಿಂಕೆಗಳು ಏಕೆ ನಾಶವಾದುವೆಂದು ಕೇಳಿದರೆ ‘ಮಹಾಹಿಮದಿಂದ’ ಎಂದು ಹೇಳಿಬಿಡುವುದು ಅಂದಿನಿಂದ ಬಂದ ವಾಡಿಕೆ. ಹಿಮದ ಮೇಲೆ ತಪ್ಪನ್ನು ಹೊರಿಸಿದರೆ ಯಾರ ಮೇಲೂ ಹೊರಿಸಿದಂತಾಗುವುದಿಲ್ಲ. ಅದು ವಾದಿಸುವುದಕ್ಕೆ ಬರುವುದಿಲ್ಲ. ಆದರೆ ಹಿಮವು 1879ರಲ್ಲಿ ಹೊಸದಾಗಿ ಹುಟ್ಟಿತೇ? ಆ ದ್ವೀಪದಲ್ಲಿ ಜಿಂಕೆಗಳಿದ್ದ ಸಾವಿರಾರು ವರ್ಷಗಳಲ್ಲಿ ಅಂಥ ಚಳಿಗಾಲಗಳು ಎಷ್ಟೋ ಬಂದುಹೋಗಿರಬೇಕು. ಆಗಲೂ ಜಿಂಕೆಗಳು ಸತ್ತಿರಬೇಕು, ಐನುಗಳು ಉಪವಾಸವಿದ್ದಿರಬೇಕು. ಉಳಿದ ಜಿಂಕೆಗಳಿಂದ ಹಿಂಡು ಮತ್ತೆ ಬೆಳೆದಿರಬೇಕು. ಈ ಸಾರಿ ಹಿಮ ಬೀಳುವುದಕ್ಕೆ ಮುಂಚೆಯೇ ಹತ್ತು ವರ್ಷ ಬಂದೂಕವು ಕೆಲಸ ಮಾಡಿದ್ದಿತು. ಹಿಮ ಬಿದ್ದಾಗಲೂ, ಕರಗಿದ ಮೇಲೂ ಮಾಡುತ್ತಲೇ ಇದ್ದಿತು. ಬರಗಾಲವು ಎಲ್ಲರಿಗೂ ಒಂದೇ. ಕಣಜದಲ್ಲಿ ಕಾಳಿದ್ದವನು ದಾಟುವನು, ಕಣಜವನ್ನು ಮುಂಚೆಯೇ ಮಾರಿಕೊಂಡವನು ಸಾಯುವನು. ಇದನ್ನು ನಮ್ಮ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ತೋಳಗಳ ವಿಚಾರವನ್ನೂ ಇಲ್ಲಿ ಹೇಳಬೇಕು. ಜಿಂಕೆಯನ್ನು ತಿಂದು ಬದುಕುತ್ತಿದ್ದ ತೋಳಗಳು, ಜಿಂಕೆಗಳು ಕಡಮೆಯಾದೊಡನೆ ಸರಕಾರದ ಕುದುರೆಯ ಲಾಯಗಳಿಗೆ ನುಗ್ಗಿದುವು. ನೀಕಪ್ಪುವಿನ ಲಾಯದ ಮೇಲ್ವಿಚಾರಣೆಗಿದ್ದ ಎಡ್ವಿನ್ ಡನ್ ಎಂಬ ಅಮೆರಿಕದವರು ಸತ್ತ ಕುದುರೆಯ ಮಾಂಸದಲ್ಲಿ ಸ್ಟ್ರಿಕ್ನಿನ್ ಎಂಬ ವಿಷವನ್ನು ಬೆರಸಿ ಕಾಡಿನಲ್ಲಿ ಇಡಿಸಿದರು. ತೋಳವನ್ನು ಕೊಂದವರಿಗೆ ಸರಕಾರದಿಂದ ಇನಾಮೂ ದೊರೆಯುತ್ತಿದ್ದಿತು. ಐನು ಜನರು ‘ಊಳಿಡುವ ದೇವರು’ ಎಂದು ಕರೆಯುತ್ತಿದ್ದ ಆ ತೋಳವು 1890ರ ಹೊತ್ತಿಗೆ ಹೆಸರುಳಿಯದಂತೆ ನಾಶವಾಯಿತು. ಈ ಸ್ಟ್ರಿಕ್ನಿನ್ ಮತ್ತಾವುದೂ ಅಲ್ಲ; ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬೆಳೆಯುವ ಕಾಸರಕದ ಬೀಜದಲ್ಲಿರುವ ವಿಷ. ಸಂಸ್ಕೃತದಲ್ಲಿ ಆ ಮರವನ್ನು ವಿಷಮುಷ್ಟಿಯೆನ್ನುವರು. ಬಾಣದ ತುದಿಯಲ್ಲಿ ಗುಲಗಂಜಿಯಷ್ಟು ವತ್ಸನಾಭಿಯನ್ನಿಟ್ಟರೆ ಅನಾಗರಿಕತೆ, ಮಣಗಟ್ಟಲೆ ಮಾಂಸಕ್ಕೆ ವಿಷಮುಷ್ಟಿಯನ್ನು ಬೆರಸಿ ಕಾಡೆಲ್ಲ ಚೆಲ್ಲಿದರೆ ಶಾಸ್ತ್ರೀಯ ಪಶುಪಾಲನೆ! ಎರಡನ್ನೂ ಮಾಡಿದುದು ಒಂದೇ ಇಲಾಖೆಯ ಆಳ್ವಿಕೆಯಲ್ಲಿ, ನಾಲ್ಕೈದು ವರ್ಷಗಳ ಅಂತರದೊಳಗೆ.

ಐನುಗಳ ಗತಿಯೇನಾಯಿತು? ಜಿಂಕೆ ಹೋಯಿತು. ಮೀನಾದರೂ ಇರುವುದಲ್ಲಾ ಎಂದರೆ, 1883ರಲ್ಲಿ ತೊಕಾಚಿ ನದಿಯ ಮೇಲ್ಭಾಗದಲ್ಲಿ ಮೀನಿನ ವಂಶವನ್ನು ಕಾಪಾಡುವ ನೆವದಿಂದ ಸಾಲ್ಮನ್ ಹಿಡಿಯಕೂಡದೆಂದು ಆಜ್ಞೆಯಾಯಿತು. ಆ ಪ್ರಾಂತದ ಐನು ಗ್ರಾಮಗಳಲ್ಲಿ ಜನರು ಹಸಿವಿನಿಂದ ಸತ್ತರು. 1899ರಲ್ಲಿ ಅವರ ರಕ್ಷಣೆಗೆಂದು ಒಂದು ಶಾಸನವಾಗಿ, ಸಾಗುವಳಿ ಮಾಡುವುದಾದರೆ ತುಂಡು ಭೂಮಿಯನ್ನು ಕೊಡುವೆವೆಂದರು. ಬೇಟೆಗಾರನ ಕೈಗೆ ಗುದ್ದಲಿಯನ್ನು ಕೊಟ್ಟರೆ ಒಂದು ತಲೆಮಾರಿನಲ್ಲಿ ಒಕ್ಕಲಿಗನಾಗುವನೇ? ಒಳ್ಳೆಯ ನೆಲವೆಲ್ಲ ಅದಕ್ಕೆ ಮುಂಚೆಯೇ ವಲಸೆ ಬಂದವರ ಪಾಲಾಗಿದ್ದಿತು. ಆ ಶಾಸನವು 1997ರವರೆಗೂ ಊರ್ಜಿತದಲ್ಲಿದ್ದಿತು. ಐನುಗಳು ಆ ನೆಲದ ಮೂಲನಿವಾಸಿಗಳೆಂದು ಜಪಾನಿನ ಶಾಸನದಲ್ಲಿ ಅಕ್ಷರರೂಪವಾಗಿ ಸೇರಿದುದು 2019ರಲ್ಲಿ.

ಜಿಂಕೆಗಳು ಮಾತ್ರ ಮರಳಿದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ, ಮತ್ತೆ 1920ರಿಂದ ಹಲವು ದಶಕಗಳ ಕಾಲವೂ ಬೇಟೆಯನ್ನು ನಿಷೇಧಿಸಿದುದರಿಂದ, ಒಳನಾಡಿನ ಬೆಟ್ಟಗಳಲ್ಲಿ ಅಡಗಿ ಉಳಿದ ಕೆಲವು ಹಿಂಡುಗಳು ನಿಧಾನವಾಗಿ ಬೆಳೆದುವು. ತಿನ್ನುವ ತೋಳವಿಲ್ಲ, ಕಾಡು ಕಡಿದ ಕಡೆಗಳಲ್ಲಿ ಹುಲ್ಲುಗಾವಲುಂಟು, ಹೊಲದಲ್ಲಿ ಬೆಳೆಯುಂಟು. ಈಗ ಅಲ್ಲಿ ಹಲವು ಲಕ್ಷ ಜಿಂಕೆಗಳಿವೆ. ರೈತರ ಬೆಳೆಯನ್ನೂ ಕಾಡಿನ ಎಳೆಯ ಮರಗಳನ್ನೂ ಅವು ತಿಂದುಹಾಕುವುದರಿಂದ, ಒಂದೊಂದು ವರ್ಷ ಲಕ್ಷಕ್ಕೆ ಮಿಕ್ಕಿ ಕೊಲ್ಲಿಸುತ್ತಿರುವರು. 1994ರಿಂದ ಹೆಣ್ಣುಗಳನ್ನೂ ಹೊಡೆಯಲು ಅನುಮತಿಯಿದೆ. ಬೇಟೆಯ ಕಾಲವು ಈಗಲೂ ಮುಖ್ಯವಾಗಿ ಹಿಮಕಾಲವೇ. ಬೇಟೆಗಾರರು ಹಿಮದ ಮೇಲೆ ಬಿಟ್ಟುಹೋದ ಮಾಂಸವನ್ನು ಉತ್ತರದಿಂದ ವಲಸೆ ಬರುವ ದೊಡ್ಡ ಕಡಲಗಿಡುಗಗಳು ತಿಂದು, ಅದರಲ್ಲಿದ್ದ ಸೀಸದ ಗುಂಡಿನ ಚೂರುಗಳ ವಿಷದಿಂದ ಸಾಯತೊಡಗಿದುವು. ಇದನ್ನು ಕಂಡು 2000ದಿಂದ ಆರಂಭಿಸಿ ಕೆಲವು ವರ್ಷಗಳಲ್ಲಿ ಸೀಸದ ಗುಂಡುಗಳನ್ನು ಅಲ್ಲಿ ನಿಷೇಧಿಸಿದರು. ಕೊಂದ ಜಿಂಕೆಯ ಯಾವ ಭಾಗವನ್ನೂ ಕಾಡಿನಲ್ಲಿ ಬಿಸುಟು ಬರಕೂಡದೆಂಬುದೂ ಈಗ ಅಲ್ಲಿಯ ನಿಬಂಧನೆಯಾಗಿದೆ. ಗೂಬೆದೇವರ ಗೀತವು ಹೇಳಿದುದೂ ಇದನ್ನೇ ಅಲ್ಲವೇ ಎಂದು ಮೊದಲ ಸಾರಿ ಇದನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು.

ಬಿಬಿ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಹೊಕ್ಕಾಯಿಡೊವಿಗೆ ಹೋಗುವವರಲ್ಲಿ ಬಹುಮಂದಿ ಇಳಿಯುವ ಹೊಸ ಚಿತೊಸೆಯ ವಿಮಾನನಿಲ್ದಾಣವಿರುವುದು ಆ ಹೆಸರಿನ ನೆಲದಲ್ಲಿಯೇ. ಹಳೆಯ ಕಾರ್ಖಾನೆಯ ಸ್ಥಳವು ಅಲ್ಲಿಂದ ಬಹು ದೂರವಿಲ್ಲ. ಚಳಿಗಾಲದಲ್ಲಿ ಅಲ್ಲಿ ವಿಮಾನದಿಂದ ಇಳಿಯುವ ಪ್ರವಾಸಿಕರ ಕಣ್ಣಿಗೆ ಬೀಳುವುದು ಹಿಮದ ಬಯಲು. ಪಶ್ಚಿಮದ ಹಿಂಡುಗಳು ಹಿಡಕದ ಕಡೆಗೆ ಹಾಯುತ್ತಿದ್ದ ದಾರಿ ಅದೇ.